ಆಕಾಶಕ್ಕೂ ಪರ್ಮಿಶನ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೀರೆಯ ಬಣ್ಣ, ಅಂದು ಶನಿವಾರವೋ ಭಾನುವಾರವೋ, ರೈಲಿನಲ್ಲಿ ನಾವು ಎದುರುಬದುರು ಕೂತಿದ್ದೆವೋ ಪಕ್ಕಪಕ್ಕವೋ, ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಮಾತಿದೆ. ಅದನ್ನು ನನ್ನ ಅತ್ತೆ ಎಲ್ಲಿ, ಯಾವಾಗ ಆಡಿದರು ಎಂಬುದು ತಪ್ಪಿದರೆ ಉಳಿದದ್ದೆಲ್ಲ ತಲೆಕೆಳಗಾಗುತ್ತದೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು ನಾನು. ಬೇಕಾಗಿದ್ದ ಆ ವಾರ ಮಾತ್ರ ಒಂದು ಸಾಲೂ ಬರೆದಿಲ್ಲ. ಸೂಟ್‌ಕೇಸುಗಳ ಗಡಿಬಿಡಿಯಲ್ಲಿದ್ದೆ.

ಅತ್ತೆ ಧಾರವಾಡದವರು. ಮಾವ ಇಲ್ಲಿ, ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದರು, ಅತ್ತೆ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದರು. ಮಾವ ತೀರಿಕೊಂಡ ಮೇಲೆ ಲಂಡನ್ನಿನ ಅಂಚಿನ ಪಿನ್ನರಿನಲ್ಲಿರುವ ನಮ್ಮ ಮನೆಗೆ ಬಂದರು. ಅವರು ಟಿವಿ ಮುಂದೆ ಕೂತುಬಿಡುತ್ತಾರೆ ಎಂದು ನಾವು ಹೆದರಿದ್ದೆವು. ಕೂರಲಿಲ್ಲ. ಲ್ಯಾಬಿನ ಹಳೆಯ ಗೆಳತಿಯರು ಕಟ್ಟಿಕೊಂಡಿದ್ದ ನಡಿಗೆಯ ಗುಂಪು ಸೇರಿ, ದಪ್ಪ ಬೂಟು ಕೊಂಡು, ಮೊದಲು ಹತ್ತಿರದ ಗುಡ್ಡಗಳನ್ನು, ಆಮೇಲೆ ವೇಲ್ಸಿನ ಬೆಟ್ಟಗಳನ್ನು ಹತ್ತತೊಡಗಿದರು. ಆಗಲೇ ಎಪ್ಪತ್ತು ದಾಟಿತ್ತು.

ಒಮ್ಮೆ ವೇಲ್ಸಿನಲ್ಲಿ ಮಂಜು ಮುಸುಕಿ ಗುಂಪಿನಿಂದ ಬೇರೆಯಾದರು. ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗ. ಗೆಳತಿಯರು ಕೆಳಗಿಳಿದು ನಮಗೆ ಫೋನ್ ಮಾಡಿದರು. ನಾವು ಇಲ್ಲಿ ಗೋಡೆಯಿಂದ ಗೋಡೆಗೆ ಓಡಾಡಿದೆವು. ಅತ್ತೆ ಯಾವುದೋ ರೈತರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತ, ಆ ಮನೆಯ ಕುರಿಗಳ ಹೆಸರು ಕೇಳುತ್ತಿದ್ದರಂತೆ. ಮರುವಾರವೇ ನನ್ನ ಗಂಡ ಸ್ಯಾಟಲೈಟ್ ಫೋನ್ ತಂದ.

ಹಳೆಯ ಕಾಲದ ಮೊಬೈಲಿನಂತಿತ್ತು ಅದು, ತಲೆಯ ಮೇಲೊಂದು ದಪ್ಪ ಕೊಂಬು. ಕೊಂಬನ್ನು ಎಳೆದು ಮೇಲಕ್ಕೆ ನಿಲ್ಲಿಸಬೇಕು, ಎದುರಿಗೆ ಆಕಾಶ ಕಾಣಬೇಕು. ಹಾಗಾದರೆ ಭೂಮಿಯ ಯಾವ ಮೂಲೆಯಿಂದಲಾದರೂ ಮಾತಾಡಬಹುದು, ಚಿಕ್ಕ ಸಂದೇಶ ಕಳಿಸಬಹುದು. ಅದು ಚಾಲೂ ಇರುವಷ್ಟು ಹೊತ್ತು ಅವರು ಎಲ್ಲಿದ್ದಾರೆ ಎಂಬುದು ನಮ್ಮ ಮೊಬೈಲಿನ ನಕ್ಷೆಯಲ್ಲಿ ಒಂದು ಚುಕ್ಕಿಯಾಗಿ ಕಾಣುತ್ತಿತ್ತು. ಮಂಜಿನಲ್ಲೂ ಕಣ್ಣಿಗೆ ಬೀಳಲಿ ಎಂದು ನಮ್ಮ ಮಗಳು ಅದಕ್ಕೆ ಕಿತ್ತಳೆ ಬಣ್ಣದ ಕವರು ಹಾಕಿದಳು.

"ಎಮ್ಮಿ ಕೊರಳಿಗೆ ಗಂಟಿ ಕಟ್ಟಿದಂಗಾತು," ಎಂದರು ಅತ್ತೆ.

"ಗಂಟಿ ಅಲ್ಲವ್ವಾ, ಸೇಫ್ಟಿ," ಎಂದ ನನ್ನ ಗಂಡ.

"ಎಮ್ಮಿಗೂ ಹಂಗ ಹೇಳಿ ಕಟ್ಟಿರ್ತಾರ."

ಪಾರ್ಕಿನಲ್ಲಿ ನಿಂತು ಅದರಿಂದ ಮನೆಗೆ ಫೋನ್ ಮಾಡಿ ಅಭ್ಯಾಸ ಮಾಡಿದರು. ನಮ್ಮ ಮಾತು ಮೇಲೆ ಹೋಗಿ ಕೆಳಗೆ ಬರಲು ಹೊತ್ತು ಹಿಡಿಯುತ್ತಿತ್ತು. ನಾನು ಕೇಳಿದ್ದು ಅವರಿಗೆ ತಡವಾಗಿ ಮುಟ್ಟಿ, ಅವರು ಹೇಳಿದ್ದು ನನಗೆ ತಡವಾಗಿ ಮುಟ್ಟಿ, ನಡುವೆ ನಾನು ಮತ್ತೆ ಬಾಯಿ ಹಾಕಿ ಎರಡೂ ಮಾತು ಡಿಕ್ಕಿ ಹೊಡೆಯುತ್ತಿದ್ದವು. "ಕೇಳಿದ ಮ್ಯಾಲೆ ಸುಮ್ಮನ ಕಾಯಬೇಕವಾ ಇದರಾಗ," ಎಂದು ನನಗೇ ಪಾಠ ಮಾಡಿದರು. ಅವರು ಬೇಗ ಕಲಿತರು. ನಾನು ಕಲಿಯಲಿಲ್ಲ.

ಚುಕ್ಕಿಯೂ ಅಷ್ಟೆ. ಗಂಟೆ ಕಟ್ಟಿದ್ದು ಅವರಿಗಾದರೂ ಅದರ ಸದ್ದು ನನ್ನ ಕಿವಿಯಲ್ಲಿತ್ತು. ಶನಿವಾರ ಬಂದರೆ ಬಟ್ಟೆ ಮಡಿಸುತ್ತ, ತರಕಾರಿ ಹೆಚ್ಚುತ್ತ, ರೇನರ್ಸ್ ಲೇನಿನ ಅಂಗಡಿಯಲ್ಲಿ ಸೊಪ್ಪಿನ ಕಟ್ಟು ಆರಿಸುತ್ತ ಮೊಬೈಲು ತೆಗೆದು ನೋಡುವುದು. ಚುಕ್ಕಿ ನಿಂತಿದೆ. ಊಟಕ್ಕೆ ನಿಂತಿರಬಹುದು. ಇಷ್ಟು ಹೊತ್ತು ಊಟ ಮಾಡುತ್ತಾರೆಯೇ? "ಅಜ್ಜಿ ಈಸ್ ಫೈನ್, ಅಮ್ಮ. ಯು ಆರ್ ನಾಟ್," ಎನ್ನುತ್ತಿದ್ದಳು ಮಗಳು. ಸಂಜೆ ತಂಗುವ ಮನೆ ಸೇರಿದ ಕೂಡಲೇ ಅತ್ತೆಯ ಸಂದೇಶ ಬರುತ್ತಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಪದ: ಮುಟ್ಟೀನಿ. ಊರಿಗೆ ಹೋದವರು ತಲುಪಿದ ಕೂಡಲೇ ತಿಳಿಸಬೇಕು ಎಂಬುದು ನಮ್ಮ ಎರಡೂ ಮನೆಗಳ ಕಟ್ಟಳೆ, ಬಸ್ಸಿನಲ್ಲಿ ಪಕ್ಕದ ಊರಿಗೆ ಹೋದರೂ ಸರಿ. ಆ ಪದ ಬಂದ ಮೇಲೆಯೇ ನನಗೆ ಹಸಿವಾಗುತ್ತಿತ್ತು.

ಧಾರವಾಡದಲ್ಲಿ ಅತ್ತೆಗೆ ಅಕ್ಕ ಇದ್ದಾರೆ, ನನ್ನ ಗಂಡನಿಗೆ ದೊಡ್ಡಮ್ಮ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆ. ಅವರಿಗೆ ಎಂಬತ್ತು ದಾಟಿ, ಮಕ್ಕಳು ಸಹಸ್ರ ಚಂದ್ರ ದರ್ಶನದ ಶಾಂತಿ ಇಟ್ಟುಕೊಂಡರು. ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಮಾಡುವ ಸಮಾರಂಭ. ತಂಗಿ ಬರದೆ ಅದು ಆಗುವಂತಿರಲಿಲ್ಲ. ಆದರೆ ಕರೆದದ್ದು ಬರೀ ಸಮಾರಂಭಕ್ಕಲ್ಲ ಎಂಬುದು ವಿಡಿಯೋ ಕಾಲಿನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು.

"ಮ್ಯಾಲಿನ ಖೋಲಿಗೆ ಬಣ್ಣಾ ಹೊಡಿಸೀನಿ," ಎಂದರು ದೊಡ್ಡಮ್ಮ. "ಗಾದಿ ಹೊಸಾದು. ಇನ್ನ ಆ ಥಂಡ್ಯಾಗ ಏನ ಮಾಡ್ತಿ? ಬಂದಾಕಿ ಇಲ್ಲೇ ಇದ್ದಬಿಡು."

"ಯಾವ ಬಣ್ಣ?" ಎಂದು ಕೇಳಿದರು ಅತ್ತೆ.

"ಹಳದಿ."

"ಹಳದಿ ಅಂದ್ರ ನಿಂಬಿಹಣ್ಣಿಂದೋ, ಅರಿಷಿಣದ್ದೋ?"

"ಬಂದ ನೋಡು. ಬಣ್ಣದ ಮಾತ ತಗದ ಜಾರಿಕೋಬ್ಯಾಡ."

ಅತ್ತೆ ನಕ್ಕು ಬೇರೆ ಮಾತು ತೆಗೆದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಕ್ಕನಿಗೆ ಎದುರಾಡುವುದು ಅವರಿಗೆ ಬಾರದು; ಚಿಕ್ಕಂದಿನಲ್ಲಿ ತಾಯಿ ಇಲ್ಲದ ತಂಗಿಯನ್ನು ಸಾಕಿದವರು ಆ ಅಕ್ಕನೇ. ನನ್ನ ಗಂಡ ಮರಳುವ ತಾರೀಖು ಗೊತ್ತುಮಾಡದ ಟಿಕೆಟ್ ಮಾಡಿಸಿದ. "ಹೋಗಿ ನೋಡವ್ವಾ. ಅಲ್ಲಿ ಸೇರಿದ್ರ ಇರು, ಸೇರಲಿಲ್ಲಂದ್ರ ಬಾ," ಎಂದ. ಪ್ರೀತಿಯಿಂದಲೇ ಹೇಳಿದ್ದು. ಆದರೂ ಅತ್ತೆ ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಂತೆ ನನಗೆ ನೆನಪು.

ನನಗೇನು ಬೇಕಿತ್ತು? ಈ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಂಡರೆ ಬರುವ ಉತ್ತರ ಪ್ರತಿ ಸಲ ಬೇರೆ. ಅವರಿಲ್ಲದ ಮನೆ ನನಗೆ ಕಲ್ಪನೆಗೆ ಬರುತ್ತಿರಲಿಲ್ಲ ಎಂಬುದು ನಿಜ. ಅವರು ಧಾರವಾಡದ ಹಳದಿ ಕೋಣೆಯಲ್ಲಿದ್ದರೆ ಶನಿವಾರಗಳಲ್ಲಿ ಚುಕ್ಕಿ ನೋಡಬೇಕಾಗಿಲ್ಲ ಎಂದು ಒಮ್ಮೆ ಅನಿಸಿದ್ದೂ ನಿಜ. ಅನಿಸಿದ್ದು ಮುಖದಲ್ಲಿ ಕಂಡಿತ್ತೋ ಏನೋ.

ಅಕ್ಕನಿಗೆ ಸೀರೆ ತರಲು ಅತ್ತೆಯೂ ನಾನೂ ಲಂಡನ್ನಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮಿಗೆ ಹೋದೆವು. "ಧಾರವಾಡದಾಕಿಗೆ ಲಂಡನ್ನಿನ ಸೀರಿ. ಅಕಿ ನಗತಾಳ ನೋಡು," ಎನ್ನುತ್ತಲೇ ಅಂಗಡಿಯ ಅರ್ಧ ಸೀರೆಗಳನ್ನು ಬಿಚ್ಚಿಸಿದರು. ಕೊನೆಗೆ ಆರಿಸಿದ್ದು ಗಿಳಿಹಸಿರು, ಅಥವಾ ನವಿಲಿನ ಬಣ್ಣ. ದೋಸೆ ತಿಂದು ರೈಲು ಹತ್ತಿದೆವು. ನಾನು ಮೊಬೈಲಿನಲ್ಲಿ ಇಂಡಿಯಾಕ್ಕೆ ಹೋಗುವವರಿಗೆ ಕೊಟ್ಟ ಸೂಚನೆಗಳನ್ನು ಓದುತ್ತಿದ್ದೆ. ಅದರಲ್ಲೊಂದು ಕಡೆ ಇತ್ತು: ಅನುಮತಿ ಪಡೆಯದೆ ಸ್ಯಾಟಲೈಟ್ ಫೋನ್ ಒಯ್ಯುವಂತಿಲ್ಲ, ಒಯ್ದರೆ ಹಿಡಿದು ವಿಚಾರಣೆ ಮಾಡಬಹುದು.

ನನ್ನ ನೆನಪಿನಲ್ಲಿ ಮುಂದಿನದು ಹೀಗಿದೆ. ರೈಲು ಬೋ ರೋಡ್ ದಾಟಿ ಸುರಂಗಕ್ಕೆ ನುಗ್ಗುತ್ತಿತ್ತು. ಸೀರೆಯ ಚೀಲ ಅತ್ತೆಯ ತೊಡೆಯ ಮೇಲಿತ್ತು. ನಾನು ಸ್ವಲ್ಪ ಬಾಗಿ, "ಅತ್ತೆ, ನಿಮ್ಮ ಆ ಕೊಂಬಿನ ಫೋನು ತೊಗೊಂಡು ಹೋಗೋ ಹಾಗಿಲ್ಲ. ಪರ್ಮಿಶನ್ ಇಲ್ಲದೆ ತಂದ್ರೆ ಹಿಡೀತಾರಂತೆ," ಎಂದೆ. ಅತ್ತೆ ಕಿಟಕಿಯ ಕಪ್ಪನ್ನು ನೋಡುತ್ತ ಹೇಳಿದರು:

"ಆಕಾಶಕ್ಕೂ ಪರ್ಮಿಶನ್ ಬೇಕೇನು?"

ಇದೇ ಆ ಮಾತು. ಸುರಂಗದ ಸದ್ದು, ಗಾಜಿನಲ್ಲಿ ಅವರ ಮುಖ, ಆ ದನಿಯ ಸಣ್ಣ ಚೇಷ್ಟೆ, ಎಲ್ಲ ನನಗೆ ಕಾಣುತ್ತದೆ, ಕೇಳುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದನ್ನೇ ನಾನು ನಂಬಬಾರದು ಎಂದು ಅನುಭವ ಹೇಳುತ್ತದೆ.

ಹೊರಡುವ ದಿನ ಮನೆ ರೈಲ್ವೆ ಸ್ಟೇಷನ್ನಿನಂತಿತ್ತು. ಅವರು ಹೋಗುವ ಸುದ್ದಿ ಕೇಳಿ ಪರಿಚಯದವರೆಲ್ಲ ಊರಿನ ತಮ್ಮವರಿಗೆಂದು ಒಂದೊಂದು ಪೊಟ್ಟಣ ತಂದುಕೊಟ್ಟಿದ್ದರು: ಯಾರದೋ ತಂದೆಗೆ ವಿಟಮಿನ್ ಮಾತ್ರೆ, ಯಾರದೋ ಮೊಮ್ಮಗನಿಗೆ ಬೂಟು, ಚಾಕೊಲೇಟು. ನಮ್ಮಲ್ಲಿ ಇಂಡಿಯಾಕ್ಕೆ ಹೋಗುವವರ ಸೂಟ್‌ಕೇಸು ಅವರೊಬ್ಬರದೇ ಆಗಿರುವುದಿಲ್ಲ. ತೂಕ ಹೆಚ್ಚಾಯಿತು. ದೊಡ್ಡದರಿಂದ ಚಿಕ್ಕದಕ್ಕೆ, ಚಿಕ್ಕದರಿಂದ ಕೈಚೀಲಕ್ಕೆ, ಕೈಚೀಲದಿಂದ ಮತ್ತೆ ದೊಡ್ಡದಕ್ಕೆ ಸಾಮಾನು ಸಾಗಿಸಿ, ಗಂಡ ಪ್ರತಿ ಸಲ ಸೂಟ್‌ಕೇಸು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತು, ತನ್ನ ತೂಕ ಕಳೆದು ಲೆಕ್ಕ ಹೇಳುತ್ತಿದ್ದ. ನನ್ನ ಕೈ, ಅವನ ಕೈ, ಮಗಳ ಕೈ, ಎಲ್ಲವೂ ಆ ಚೀಲಗಳೊಳಗೆ ಹೋಗಿ ಬಂದಿವೆ. ಸ್ಯಾಟಲೈಟ್ ಫೋನು ಎಂದಿನಂತೆ ಬಾಗಿಲ ಬಳಿ, ಬೂಟುಗಳ ಮೇಲಿನ ಹಲಗೆಯಲ್ಲಿ ಚಾರ್ಜಾಗುತ್ತಿತ್ತು. ಅಥವಾ ಹಿಂದಿನ ದಿನ ಆಗುತ್ತಿತ್ತು.

ಬಾಗಿಲು ದಾಟುವ ಮೊದಲು ಅತ್ತೆಯ ಅಂಗೈಗೆ ಸಕ್ಕರೆ ಹಾಕಿದ ಮೊಸರು ಬಡಿಸಿದೆ. ಪ್ರಯಾಣ ಹೊರಟವರಿಗೆ ಹಾಗೆ ಕೊಡುವುದು ಅವರೇ ನನಗೆ ಕಲಿಸಿದ್ದು. ಬಲಗೈ ಚಾಚಿದರು. ಎಡಗೈ ಕೋಟಿನ ಜೇಬಿನಲ್ಲಿತ್ತು. ಕೆಲವು ಸಲ ನೆನಪಿನಲ್ಲಿ ಅದು ಜೇಬಿನ ಹೊರಗಿರುತ್ತದೆ, ಅದರಲ್ಲೊಂದು ಕಿತ್ತಳೆ ಬಣ್ಣ ಇರುತ್ತದೆ. ಆ ಬಣ್ಣವನ್ನು ನಾನೇ ಆಮೇಲೆ ಬಳಿದಿರಬಹುದು.

ಮರುದಿನ ಬೆಳಗ್ಗೆ ಎದ್ದಾಗ ಸಂದೇಶ ಕಾದಿತ್ತು: ಮುಟ್ಟೀನಿ. ಬೆಂಗಳೂರಿನಲ್ಲಿ ಇಳಿದಿದ್ದಾರೆ, ಇನ್ನು ಹುಬ್ಬಳ್ಳಿಯ ವಿಮಾನ. "ಗುಡ್ ಅತ್ತೆ, ಏನಾದ್ರೂ ತಿನ್ನಿ" ಎಂದು ಉತ್ತರ ಬರೆದು, ಕಾಫಿ ಕುಡಿದು, ಕೆಲಸಕ್ಕೆ ರೈಲು ಹತ್ತಿದೆ. ಹ್ಯಾರೋ ದಾಟಿದ ಮೇಲೆ ಸುಮ್ಮನೆ ಮತ್ತೊಮ್ಮೆ ಆ ಸಂದೇಶ ನೋಡಿದೆ. ಮೇಲಿದ್ದದ್ದು ಅವರ ಮೊಬೈಲಿನ ನಂಬರಲ್ಲ. ಬೆಟ್ಟಗಳಿಂದ ಸಂದೇಶ ಬರುವ ಆ ಉದ್ದನೆಯ ನಂಬರು. ನಕ್ಷೆ ತೆರೆದೆ. ನಮ್ಮ ಚುಕ್ಕಿ ಬೆಂಗಳೂರಿನ ವಿಮಾನ ನಿಲ್ದಾಣದ ಹೊರಗೆ, ಬಯಲಿನಲ್ಲಿ ನಿಂತಿತ್ತು.

ಅವರ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಮನೆಗೆ ಮಾಡಿದೆ. ಮಗಳು ಬಾಗಿಲ ಬಳಿ ಹೋಗಿ ನೋಡಿ ಬಂದಳು. "ಚಾರ್ಜರ್ ಈಸ್ ಹಿಯರ್," ಎಂದಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲಿ, "ಫೋನ್ ಇಲ್ಲ."

ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬಂದೆ. ಗಂಡನೂ ಆಫೀಸಿನಿಂದ ಬಂದ. ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರುತ್ತ ಮನೆಯೊಳಗೆ ತಿರುಗಿದೆವು. ನೆಲ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ನಕ್ಷೆಯಲ್ಲಿ ಚುಕ್ಕಿ ಮಾಯವಾಗಿತ್ತು. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಂಡ ಸ್ಪೀಕರಿಗೆ ಹಾಕಿದ. ಅತ್ತೆಯೇ.

"ನಾ ಆರಾಮ ಇದ್ದೀನಿ. ಗಾಬರಿ ಆಗಬ್ಯಾಡ್ರಿ. ಹುಬ್ಬಳ್ಳಿ ವಿಮಾನ ಹೋತು. ಇಲ್ಲೆ ಪೊಲೀಸರ ಕಡೆ ಕೂತೀನಿ. ಭಾಳ ಛಲೋ ಹುಡುಗಿ ಒಬ್ಬಾಕಿ ಇದ್ದಾಳ, ಕಾಫಿ ಕೊಟ್ಟಾಳ. ಈ ಫೋನ್ ಯಾಕ ತಂದೀರಿ ಅಂತ ಕೇಳಲಿಕ್ಕತ್ತಾರ."

"ನೀ ಏನ ಹೇಳಿದಿ?" ಎಂದ ಗಂಡ.

"ಗುಡ್ಡಕ್ಕ ಹೋಗೋವಾಗ ಒಯ್ತೀನಿ ಅಂತ."

"ಧಾರವಾಡದಾಗ ಯಾವ ಗುಡ್ಡ ಹತ್ತತಿ ಅವ್ವಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಈ ಸಲ ಮಾತು ಆಕಾಶ ಸುತ್ತಿ ಬರಬೇಕಾಗಿರಲಿಲ್ಲ, ಸಾಧಾರಣ ಫೋನು. "ಇಡ್ತೀನಿ, ಕರೀಲಿಕ್ಕತ್ತಾರ," ಎಂದರು.

ದೊಡ್ಡಮ್ಮನ ಮಗ ಸಮಾರಂಭದ ಕೆಲಸ ಬಿಟ್ಟು ಬೆಂಗಳೂರಿಗೆ ಧಾವಿಸಿದ, ವಕೀಲರನ್ನು ಹಿಡಿದ. ಯಾರೂ ಅತ್ತೆಯನ್ನು ನೋಯಿಸಲಿಲ್ಲ. ಕಾನೂನು ಇದ್ದದ್ದು ಹಾಗೆ, ಅವರು ಕೇಳಲೇಬೇಕಿತ್ತು. ಹೇಳಿಕೆ ಬರೆಸಿಕೊಂಡರು, ಫೋನು ಇಟ್ಟುಕೊಂಡರು, ಕಾಗದಪತ್ರ ಮುಗಿಯುವ ತನಕ ಬೆಂಗಳೂರು ಬಿಡಬೇಡಿ ಎಂದರು. ಸಮಾರಂಭ ಅಷ್ಟರಲ್ಲಿ ಮುಗಿದುಹೋಯಿತು. ಗಿಳಿಹಸಿರು ಸೀರೆ ಸೂಟ್‌ಕೇಸಿನಲ್ಲೇ ಉಳಿಯಿತು.

ಅತ್ತೆ ಧಾರವಾಡ ಮುಟ್ಟಿದ ದಿನ ದೊಡ್ಡಮ್ಮ ವಿಡಿಯೋದಲ್ಲಿ ನಮಗೆ ಹೇಳಿದ್ದು: "ನನ್ನ ಸಾವಿರ ಚಂದ್ರ ನೋಡಲಿಕ್ಕೆ ಬಾರವಾ ಅಂದ್ರ, ಈಕಿ ಸ್ಯಾಟಲೈಟ್ ತಗೊಂಡ ಬಂದಾಳ." ಹಿಂದೆ ಕೂತಿದ್ದ ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಅತ್ತೆ ಅಕ್ಕನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು.

ಬೆಂಗಳೂರಿಗೆ ಹೋಗಿದ್ದ ದೊಡ್ಡಮ್ಮನ ಮಗ ಆಮೇಲೆ ಒಂದು ವಿಷಯ ಹೇಳಿದ. ಹುಬ್ಬಳ್ಳಿ ವಿಮಾನದ ತಪಾಸಣೆಯಲ್ಲಿ ಫೋನು ಚೀಲದ ತಳದಲ್ಲಿ ಸಿಕ್ಕಿದ್ದಲ್ಲವಂತೆ. ಕನ್ನಡಕ, ಬೀಗದ ಕೈ, ಮೊಬೈಲು ಇವುಗಳ ಜೊತೆ ಚಿಕ್ಕಮ್ಮನೇ ಅದನ್ನು ತೆಗೆದು ಟ್ರೇಯಲ್ಲಿ ಇಟ್ಟರಂತೆ, ಕೊಂಬು ಮೇಲೆ ಕಾಣುವ ಹಾಗೆ. "ಪಾಪ, ಏನೂ ಗೊತ್ತಿಲ್ಲ ಅಂತ ಅದರಿಂದನ ಪೊಲೀಸರಿಗೆ ತಿಳೀತು," ಎಂದ. ಇರಬಹುದು. ಗೊತ್ತಿಲ್ಲದವರು ಹಾಗೆಯೇ ಇಡುತ್ತಾರೆ. ಯಾರಾದರೂ ತಡೆದು ನಿಲ್ಲಿಸಲಿ ಎಂದು ಕಾಯುತ್ತಿರುವವರೂ ಹಾಗೆಯೇ ಇಡುತ್ತಾರೆ.

ಅಂದು ರಾತ್ರಿಯ ಊಟದಲ್ಲಿ ನಾನು ರೈಲಿನ ಮಾತನ್ನು ಗಂಡನಿಗೆ ಹೇಳಿದೆ. ನಾನು ಎಚ್ಚರಿಸಿದ್ದೆ, ಅವರು ಆಕಾಶಕ್ಕೂ ಪರ್ಮಿಶನ್ ಬೇಕೇ ಎಂದಿದ್ದರು, ಎಂದೆ. ಅವನು ಚಪಾತಿ ಮುರಿಯುವುದನ್ನು ನಿಲ್ಲಿಸಿದ.

"ಆ ಮಾತು ಅವ್ವ ಬೆಂಗಳೂರಿನಿಂದ ಫೋನಿನ್ಯಾಗ ಅಂದದ್ದು. ವಕೀಲರ ಆಫೀಸಿನಿಂದ ಮಾಡಿದ್ಲಲ್ಲ, ಆವಾಗ. ನೀನೂ ಪಕ್ಕದಾಗ ಇದ್ದಿ."

"ಇಲ್ಲ, ಟ್ರೇನಲ್ಲಿ ಅಂದ್ರು."

"ಟ್ರೇನ್ಯಾಗ ನೀ ಆಕಿಗೆ ಹೇಳಬೇಕಂತ ಅನಕೊಂಡಿರ್ತಿ. ಹೇಳಿರಲಿಕ್ಕಿಲ್ಲ."

"ನಾನು ಹೇಳದೆ ಇದ್ರೆ, ನಿನಗಾದ್ರೂ ಹೇಳ್ತಿದ್ದೆ ತಾನೇ?"

"ನನಗೂ ಹೇಳಿಲ್ಲ," ಎಂದ. ಕೋಪದಿಂದಲ್ಲ. ಅದೇ ನನ್ನನ್ನು ಹೆಚ್ಚು ಕಲಕಿತು.

ವಕೀಲರ ಆಫೀಸಿನ ಕರೆ ನನಗೂ ನೆನಪಿದೆ. ಆದರೆ ಅದರಲ್ಲಿ ಈ ಮಾತಿಲ್ಲ. ಎರಡು ಸಲ ಆಡಿರಬಹುದೇ? ಚೆನ್ನಾಗಿ ಕೂತ ಮಾತನ್ನು ಅತ್ತೆ ಮತ್ತೆ ಆಡುವುದುಂಟು. ಅಥವಾ ಸುರಂಗದ ಸದ್ದಿನಲ್ಲಿ ನನ್ನ ಮಾತು ಅವರಿಗೆ ಕೇಳಿಸಲೇ ಇಲ್ಲವೇ? ಅವರು ಬೆಂಗಳೂರಿನಲ್ಲಿ ಆಡಿದ ಮಾತನ್ನು ನಾನು ಎತ್ತಿ ತಂದು ರೈಲಿನ ಕಿಟಕಿಯ ಪಕ್ಕ ಕೂರಿಸಿದೆನೇ, ಎಚ್ಚರಿಸಿದ್ದೆ ಎಂಬ ಸಮಾಧಾನಕ್ಕೆ? ರೈಲಿನಲ್ಲಿ ಆಡಿದ್ದರೆ ಅವರು ತಿಳಿದೂ ಒಯ್ದರು. ಇಲ್ಲದಿದ್ದರೆ ಓದಿಯೂ ಬಾಯಿಬಿಡದ ಸೊಸೆಯಿಂದ, ಸಾಕಿದ ಅಕ್ಕನ ಸಮಾರಂಭ ತಪ್ಪಿತು. ಎರಡರಲ್ಲಿ ಯಾವುದು ನಿಜವಾದರೂ ನನಗೆ ನಿದ್ದೆ ಬರುವುದಿಲ್ಲ. ಯಾವುದೆಂದು ತಿಳಿಯದಿದ್ದರೆ ಇನ್ನೂ ಬರುವುದಿಲ್ಲ.

ಅತ್ತೆ ತಿಂಗಳು ತುಂಬುವ ಮೊದಲೇ ವಾಪಸು ಬಂದರು. ಇದ್ದುಬಿಡು ಎಂಬ ಮಾತನ್ನು ಅಲ್ಲಿ ಯಾರೂ ಮತ್ತೆ ಎತ್ತಲಿಲ್ಲವಂತೆ. ದೊಡ್ಡಮ್ಮನೇ, "ಪೊಲೀಸರು ಮತ್ತ ಕರದ್ರೇನು ಗತಿ, ಹೋಗಿಬಿಡು," ಎಂದು ಗಡಿಬಿಡಿ ಮಾಡಿ ಕಳಿಸಿದರಂತೆ. ಹೀಥ್ರೋದಿಂದ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, "ಸೋ ವಾಟ್ ಯೆಲ್ಲೋ ವಾಸ್ ಇಟ್, ಅಜ್ಜಿ?"

"ಅರಿಷಿಣದ್ದು," ಎಂದರು ಅತ್ತೆ. "ಕಣ್ಣು ಕುಕ್ಕತದ."

ಈಗ ಅವರು ಮತ್ತೆ ಬೆಟ್ಟ ಹತ್ತುತ್ತಾರೆ. ನನ್ನ ಗಂಡ ಇನ್ನೊಂದು ಸ್ಯಾಟಲೈಟ್ ಫೋನ್ ತರುತ್ತೇನೆಂದಾಗ, "ಒಂದ ಗಂಟಿ ಪೊಲೀಸರಿಗೆ ಕೊಟ್ಟ ಬಂದೀನಿ, ಸಾಕು," ಎಂದರು. ಶನಿವಾರ ನೋಡಲು ನಕ್ಷೆಯಲ್ಲಿ ಏನೂ ಇಲ್ಲ. ಆದರೂ ನಾನು ಮೊಬೈಲು ತೆಗೆಯುತ್ತೇನೆ, ಇಡುತ್ತೇನೆ. ಬಾಗಿಲ ಬಳಿ ಚಾರ್ಜರು ಇನ್ನೂ ಗೋಡೆಗೆ ಸಿಕ್ಕಿಸಿದ ಹಾಗೇ ಇದೆ. ಅದನ್ನು ಕಿತ್ತಿಡಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, ಅಥವಾ ಅದು ಯಾರ ಕೆಲಸ ಎಂಬುದು ಗೊತ್ತಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಮನೆಯಲ್ಲಿ ನಾವಿಬ್ಬರೇ. ನಾನು ಎದುರಿನ ಕುರ್ಚಿ ಎಳೆದು ಕೂತು, ಒಂದು ಕಟ್ಟು ನನ್ನ ಕಡೆ ಎಳೆದುಕೊಂಡು, ಕೇಳಿಯೇಬಿಟ್ಟೆ. ಕೇಳಿದ ಮೇಲೆ ಅವರು ಕಲಿಸಿದಂತೆ ಸುಮ್ಮನೆ ಕಾದೆ. ಅವರು ಒಂದು ಕಡ್ಡಿಯಿಂದ ಎಲೆಗಳನ್ನೆಲ್ಲ ಬಿಡಿಸಿ, ಕಡ್ಡಿಯನ್ನು ಪಕ್ಕಕ್ಕಿಟ್ಟು, ಇನ್ನೊಂದನ್ನು ಕೈಗೆತ್ತಿಕೊಂಡರು. ನನ್ನನ್ನೊಮ್ಮೆ ನೋಡಿದರು. ಆ ನೋಟ ಕೇಳಿಸಿಕೊಂಡವರದು, ಅಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ. ಉತ್ತರ ಇವತ್ತಿಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಈಸ್ಟ್ ಹ್ಯಾಮಿನಿಂದ ಬರ್ತಾ ಟ್ರೇನಲ್ಲಿ ನಾನು ಆ ಫೋನಿನ ವಿಷಯ ನಿಮಗೆ ಹೇಳಿದ್ದೆ, ಅಲ್ವಾ?"